ಪೆನ್ಸಿಲಿನಲ್ಲಿ ಬರೆದ ವಯಸ್ಸು

ಮಧ್ಯಾಹ್ನ ಹನ್ನೆರಡಾಗುತ್ತಿದ್ದಂತೆ ನಮ್ಮ ಲ್ಯಾಬಿನ ಹಿಂಬಾಗಿಲು ಕಿರ್ರೆನ್ನುತ್ತಿತ್ತು. ಸಾರ್ ಬಿಸಿಲಿಗೆ ಹೊರಟರು ಎಂದು ಅರ್ಥ. ಹಿಂದುಗಡೆ ಜನರೇಟರ್ ಶೆಡ್ಡಿಗೂ ಸ್ಕೂಟರ್ ಸ್ಟ್ಯಾಂಡಿಗೂ ನಡುವೆ ಎರಡು ಮಾರು ಜಾಗವಿತ್ತು. ಅಲ್ಲಿ ನಿಂತು, ಅಂಗಿಯ ತೋಳನ್ನು ಮೊಣಕೈ ಮೇಲಕ್ಕೆ ಮಡಚಿ, ಎರಡೂ ಕೈ ಮುಂದಕ್ಕೆ ಚಾಚಿ, ಕಣ್ಣು ಮುಚ್ಚಿಕೊಂಡು ಇಪ್ಪತ್ತು ನಿಮಿಷ ನಿಲ್ಲುತ್ತಿದ್ದರು. ಹೊಸದಾಗಿ ಆಸ್ಪತ್ರೆಗೆ ಬಂದವರು ಯಾರೋ ಹರಕೆ ಹೊತ್ತವರಿರಬೇಕು ಎಂದುಕೊಂಡು ದೂರದಿಂದಲೇ ಹಾದುಹೋಗುತ್ತಿದ್ದರು. ನಾವು ಒಳಗೆ ನಗುತ್ತಿದ್ದೆವು. "ಸಾರ್ ಸಂಡಿಗೆ ಥರ ಒಣಗ್ತಾವ್ರೆ" ಎಂದು ಮೊದಲು ಹೇಳಿದವಳು ನಾನೇ. ಅದು ಅವರ ಕಿವಿಗೂ ಬಿದ್ದಿತ್ತು ಎಂದು ಆಮೇಲೆ ಗೊತ್ತಾಯಿತು.

ಸಾರ್ ಹೋದ ತಿಂಗಳು ತೀರಿಕೊಂಡರು. ಎಪ್ಪತ್ತು ದಾಟಿತ್ತು. ಮೂಳೆಗಳೇನೋ ಕೊನೆಯವರೆಗೂ ಗಟ್ಟಿಯಾಗಿದ್ದವಂತೆ, ಎದೆ ಕೈಕೊಟ್ಟಿತು. ಅವರು ನಿವೃತ್ತರಾದ ಮೇಲೆ ಅವರ ಕುರ್ಚಿಯಲ್ಲಿ ನಾನು ಕೂತು ಹತ್ತು ವರ್ಷವಾಯಿತು. ಕುರ್ಚಿಯ ಸ್ಪಂಜೂ ಹೋಗಿದೆ, ನನ್ನ ಬೆನ್ನೂ ಹೋಗಿದೆ. ದಿನಕ್ಕೆ ಎಷ್ಟು ರಕ್ತದ ಟ್ಯೂಬು ನನ್ನ ಕೈಯಲ್ಲಿ ಹಾದುಹೋಗುತ್ತವೆ ಎಂದು ಎಣಿಸುವುದನ್ನು ಬಿಟ್ಟು ಕಾಲವಾಯಿತು. ಒಂದೊಂದು ಟ್ಯೂಬಿನ ಹಿಂದೆಯೂ ಒಬ್ಬ ಮನುಷ್ಯ ಇದ್ದಾನೆ ಎಂದು ನೆನಪಿಟ್ಟುಕೊಳ್ಳುವುದಕ್ಕೂ ಸುಸ್ತಾಗುತ್ತದೆ. ಸಾರ್‌ಗೆ ಹೇಗೆ ಸುಸ್ತಾಗುತ್ತಿರಲಿಲ್ಲವೋ ಕಾಣೆ. ಅಥವಾ ಆಗುತ್ತಿತ್ತೋ ಏನೋ, ನಾವು ಕೇಳಲಿಲ್ಲ.

ನಮ್ಮದು ಕೋಲಾರದ ಹೊರಗಿರುವ ಒಂದು ದೊಡ್ಡ ಆಸ್ಪತ್ರೆಯ ಬಯೋಕೆಮಿಸ್ಟ್ರಿ ಲ್ಯಾಬು. ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಎಲ್ಲ ಕಡೆಯ ರಕ್ತವೂ ಅಲ್ಲಿಗೆ ಬರುತ್ತದೆ. ಕಿಟಕಿಗಳಿಲ್ಲ. ಮೆಷೀನುಗಳಿಗೆ ತಂಪು ಬೇಕು, ಮನುಷ್ಯರಿಗೆ ಬಿಸಿಲು ಬೇಕು, ಗೆದ್ದದ್ದು ಮೆಷೀನು. ಸಾರ್ ಅಲ್ಲಿ ಹಿರಿಯ ಟೆಕ್ನಿಷಿಯನ್. ಮುಳಬಾಗಿಲಿನ ಹಳೆಯ ಶ್ಯಾನುಭೋಗರ ಮನೆತನ. ಮೊದಲನೇ ಬಸ್ಸಿಗೆ ಹತ್ತಿ, ಹಣೆಗೆ ಸಣ್ಣದೊಂದು ಅಂಗಾರ ಇಟ್ಟುಕೊಂಡು, ಕೈಯಲ್ಲಿ ಸ್ಟೀಲಿನ ಟಿಫಿನ್ ಡಬ್ಬಿ ಹಿಡಿದು ನಮಗಿಂತ ಮೊದಲು ಬಂದು ಕೂತಿರುತ್ತಿದ್ದರು. ಅಜ್ಜನ ಕಾಲದಿಂದ ಬಂದ ಗುಂಡಗಿನ ಅಕ್ಷರ. ಕಿವಿಯ ಹಿಂದೆ ಸದಾ ಒಂದು ಮೋಟು ಪೆನ್ಸಿಲು.

ಆ ಪೆನ್ಸಿಲಿನ ವಿಷಯ ಹೇಳಬೇಕು. ಪಿಟಿಎಚ್ ಎಂದು ಒಂದು ಪರೀಕ್ಷೆ ಇದೆ, ಪ್ಯಾರಾಥೈರಾಯ್ಡ್ ಹಾರ್ಮೋನಿನದು. ಅದರ ರಿಪೋರ್ಟು ಪ್ರಿಂಟಾಗಿ ಹೊರಗೆ ಹೋಗುವ ಮೊದಲು ಸಾರ್ ಅದರ ಮೂಲೆಯಲ್ಲಿ ಪೆನ್ಸಿಲಿನಿಂದ ಎರಡು ಸಂಗತಿ ಬರೆಯುತ್ತಿದ್ದರು. ಒಂದು, ರೋಗಿಯ ವಯಸ್ಸು. ಇನ್ನೊಂದು, ವಿಟಮಿನ್ ಡಿ ಎಷ್ಟಿದೆ ಎಂದು. ಡಿ ಪರೀಕ್ಷೆ ಮಾಡಿಸಿಲ್ಲದಿದ್ದರೆ ‘ಡಿ’ ಎಂದು ಬರೆದು ಪಕ್ಕದಲ್ಲಿ ಪ್ರಶ್ನೆಯ ಗುರುತು. ಡಾಕ್ಟರುಗಳಿಗೆ ಇದರಿಂದ ಕಿರಿಕಿರಿ.

"ವಯಸ್ಸು ಪ್ರಿಂಟಲ್ಲೇ ಇದೆಯಲ್ಲಾ ಸಾರ್, ಮತ್ಯಾಕೆ ಬರೀತೀರಾ?" ಎಂದು ನಾನು ಸೇರಿದ ಹೊಸದರಲ್ಲಿ ಕೇಳಿದ್ದೆ.

"ಪ್ರಿಂಟಲ್ಲಿರೋದನ್ನ ಯಾರಮ್ಮ ಓದ್ತಾರೆ? ಪೆನ್ಸಿಲಲ್ಲಿ ಗೀಚಿದ್ರೆ, ಇದ್ಯಾರಪ್ಪಾ ಗೀಚಿದ್ದು ಅಂತ ಬೈಯೋಕಾದ್ರೂ ನೋಡ್ತಾರೆ" ಎಂದರು. ಆಮೇಲೆ, "ಒಂಟಿ ನಂಬರ್‌ನ ಯಾವತ್ತೂ ಹೊರಗೆ ಕಳಿಸ್ಬೇಡ ಕಣಮ್ಮ. ಜೊತೆಗೆ ಯಾರನ್ನಾದ್ರೂ ಕಳಿಸು" ಎಂದರು.

ಪಾಠ ಹೇಳುವಾಗಲೂ ಅವರದು ಮನೆಮಾತೇ. ಕತ್ತಿನಲ್ಲಿ ಅಕ್ಕಿಕಾಳಿನಷ್ಟು ನಾಲ್ಕು ಗ್ರಂಥಿಗಳು. ರಕ್ತದಲ್ಲಿ ಕ್ಯಾಲ್ಸಿಯಂ ಕಡಿಮೆಯಾದರೆ ಅವು ಪಿಟಿಎಚ್ ಸುರಿಸಿ ಮೂಳೆಯಿಂದ ಕ್ಯಾಲ್ಸಿಯಂ ತೆಗೆದು ರಕ್ತಕ್ಕೆ ಹಾಕುತ್ತವೆ. ಉಂಡದ್ದರಿಂದ ಕ್ಯಾಲ್ಸಿಯಂ ಮೈಗೆ ಹತ್ತಬೇಕಾದರೆ ಡಿ ಬೇಕು, ಡಿ ಬರಬೇಕಾದರೆ ಚರ್ಮಕ್ಕೆ ಬಿಸಿಲು ಬೀಳಬೇಕು. "ಹೊಲದಿಂದ ಕಾಳು ಬರ್ದೇ ಇದ್ರೆ ಮನೆಯಾಕೆ ಏನ್ ಮಾಡ್ತಾಳೆ? ಕಣಜಕ್ಕೆ ಕೈ ಹಾಕ್ತಾಳೆ. ಅದು ಅವಳ ತಪ್ಪಾ? ಹಾಗೇನೇ ಇದು. ಡಿ ಇಲ್ದಿದ್ರೆ ಪಿಟಿಎಚ್ ಏರುತ್ತೆ. ವಯಸ್ಸಾದ್ರೂ ಏರುತ್ತೆ. ಚರ್ಮ ಸೋಲುತ್ತೆ, ಕಿಡ್ನಿ ಸೋಲುತ್ತೆ. ಯಾವ್ದು ಎಷ್ಟು ಅಂತ ನೋಡ್ದೆ ಆ ಗ್ರಂಥೀದೇ ತಪ್ಪು ಅನ್ನೋದು ಸುಲಭ. ವಯಸ್ಸಿಂದೇ ತಪ್ಪು ಅನ್ನೋದು ಇನ್ನೂ ಸುಲಭ." ಕೊನೆಯ ಮಾತನ್ನು ಹೇಳುವಾಗ ಅವರು ಯಾವಾಗಲೂ ಬೇರೆ ಕಡೆ ನೋಡುತ್ತಿದ್ದರು. ನಾನು ಆಗ ಅದನ್ನು ಗಮನಿಸಿದೆನೇ ಹೊರತು ಯೋಚಿಸಲಿಲ್ಲ.

ನಾನು ಕೆಲಸಕ್ಕೆ ಸೇರಿ ಇನ್ನೂ ವರ್ಷ ತುಂಬಿರಲಿಲ್ಲ. ಮಾವಿನ ಕಾಲ. ಯಲ್ದೂರಿನಲ್ಲಿ ಮೂಳೆ ನೋವಿನವರಿಗೆಂದು ಒಂದು ಕ್ಯಾಂಪು ಹಾಕಿದ್ದರು. ರಕ್ತ ತೆಗೆಯುವ ಕೆಲಸ ನನ್ನದು. ಶಾಲೆಯ ಜಗುಲಿಯ ಮೇಲೆ ಸಾಲು ನಿಂತುಬಿಟ್ಟಿತ್ತು. ಅದರಲ್ಲಿ ನಾರಾಯಣಮ್ಮ ಎಂಬ ಹೆಂಗಸು, ಮಾವಿನ ತೋಟದಲ್ಲಿ ಕಾಯಿ ಕೀಳುವ ಕೂಲಿ. ಐವತ್ತೆಂಟು ಎಂದು ಬರೆಸಿದಳು. ನಡೆದರೆ ಬಾತುಕೋಳಿಯ ಹಾಗೆ ಆಚೆಗೊಮ್ಮೆ ಈಚೆಗೊಮ್ಮೆ ವಾಲುತ್ತಿದ್ದಳು. ಅವಳ ಕೈಯಲ್ಲಿ ನರ ಸಿಗಲೊಲ್ಲದು. ತೋಳಿಗೆ ಬೆಲ್ಟು ಬಿಗಿದು, "ಮುಷ್ಟಿ ಗಟ್ಟಿಯಾಗಿ ಹಿಡಿ, ಬಿಡು, ಹಿಡಿ" ಎನ್ನುತ್ತಾ ಹುಡುಕಿದೆ. ನಡುವೆ ಯಾರೋ ಟ್ಯೂಬು ಎಲ್ಲಿ ಎಂದು ಕೇಳಿದರು, ಇನ್ಯಾರೋ ತಲೆ ಸುತ್ತುತ್ತೆ ಎಂದರು, ಎದ್ದು ಹೋಗಿ ಬಂದೆ. ಅವಳು ಬಿಗಿದ ಬೆಲ್ಟಿನಲ್ಲೇ ಮುಷ್ಟಿ ಹಿಡಿದುಕೊಂಡು, ಬಿಡು ಎಂದು ಯಾರೂ ಹೇಳಿಲ್ಲವಲ್ಲ ಎಂದು ಕೂತಿದ್ದಳು. ಐದು ನಿಮಿಷವಾದರೂ ಆಗಿರಬೇಕು. ಕೊನೆಗೆ ನರ ಸಿಕ್ಕಿತು, ರಕ್ತ ಬಂತು, ನನಗೆ ಅಷ್ಟು ಸಾಕಾಗಿತ್ತು.

ಎರಡು ದಿನಕ್ಕೆ ಫಲಿತಾಂಶ ಬಂತು. ಪಿಟಿಎಚ್ ಬಹಳ ಜಾಸ್ತಿ, ಕ್ಯಾಲ್ಸಿಯಮ್ಮೂ ಗೆರೆಯನ್ನು ಸ್ವಲ್ಪ ದಾಟಿತ್ತು. ಎರಡೂ ಒಟ್ಟಿಗೆ ಏರಿದರೆ ಗ್ರಂಥಿಯಲ್ಲೇ ಗಡ್ಡೆ ಎಂದು ಪುಸ್ತಕ ಹೇಳುತ್ತದೆ. ಡಾಕ್ಟರು ಪುಸ್ತಕದಂತೆಯೇ ಬರೆದರು: ಬೆಂಗಳೂರಿಗೆ ಹೋಗಿ ಕತ್ತಿನ ಆಪರೇಷನ್ ಮಾಡಿಸುವುದು. ಡಿ ಪರೀಕ್ಷೆಯ ಕಿಟ್ಟು ಆಗ ದುಬಾರಿ, ಕ್ಯಾಂಪಿನವರಿಗೆಲ್ಲ ಮಾಡುತ್ತಿರಲಿಲ್ಲ.

ಸೋಮವಾರ ನಾರಾಯಣಮ್ಮ ರಿಪೋರ್ಟಿಗೆ ಬಂದಳು. ಕೌಂಟರಿನಲ್ಲಿ ಸಾರ್ ಕೂತಿದ್ದರು. ಕ್ಯಾಂಪಿಗೆ ಒಗೆದ ಸೀರೆ ಉಟ್ಟು ಬಂದಿದ್ದವಳು ಈ ದಿನ ತೋಟದಿಂದ ಹಾಗೇ ಬಂದಿದ್ದಳು. ಸೀರೆಯ ಮೇಲೆ ಗಂಡಸರ ತುಂಬುತೋಳಿನ ಹಳೇ ಶರ್ಟು, ಮಣಿಕಟ್ಟಿನ ತನಕ ಗುಂಡಿ, ತಲೆಗೂ ಕತ್ತಿಗೂ ಸುತ್ತಿದ ಟವಲು. ಕಾಣುತ್ತಿದ್ದದ್ದು ಕಣ್ಣು, ಮೂಗು, ಹತ್ತು ಬೆರಳು.

ಸಾರ್ ರಿಪೋರ್ಟನ್ನು ಕೈಯಲ್ಲಿ ಹಿಡಿದುಕೊಂಡೇ ಕೇಳಿದರು: "ಏಮಮ್ಮಾ, ಈ ಶರ್ಟು ತೋಟದಲ್ಲಿ ದಿನಾ ಹಾಕ್ತೀಯಾ?"

"ಹಾಕ್ದೇ ಹೆಂಗೆ ಸಾಮಿ? ಕಾಯಿ ಕಿತ್ರೆ ಸೊನೆ ಚಿಮ್ತದೆ. ಮೈಗೆ ಬಿದ್ರೆ ಸುಟ್ಟು ಬೊಬ್ಬೆ ಬರ್ತದೆ. ಚಿನ್ನಪ್ಪುಡಿಂದ ಇದೇ ವೇಷ, ಅಂದ್ರೆ ಸಣ್ಣವಳಿದ್ದಾಗಿಂದ."

"ಬಿಸಿಲಲ್ಲಿ ಇರ್ತೀಯಲ್ಲಾ ಮತ್ತೆ?"

"ಬಿಸ್ಲೆಲ್ಲಿ ಸಾಮಿ? ಗಿಡದ ಕೆಳಗೆ ಇರೋದು, ನೆರಳಾಗೇ ಕೆಲ್ಸ."

ಸಾರ್ ರಿಪೋರ್ಟು ಕೊಡಲಿಲ್ಲ. "ಒಂದ್ಗಂಟೆ ಕೂತ್ಕೊಳ್ಳಮ್ಮ" ಎಂದು ಅವಳನ್ನು ಬೆಂಚಿನ ಮೇಲೆ ಕೂರಿಸಿ ಒಳಗೆ ಬಂದರು. ನನ್ನ ಮುಂದೆ ಸ್ಟೂಲು ಎಳೆದುಕೊಂಡು ಕೂತರು.

"ಇವಳ ರಕ್ತ ನೀನು ಹೇಗೆ ತೆಗ್ದೆ, ಹೇಳು."

"ಹೇಗೆ ಅಂದ್ರೆ? ತೆಗ್ಯೋ ಹಾಗೇನೇ ಸಾರ್."

"ಬೆಲ್ಟು ಎಷ್ಟೊತ್ತು ಕಟ್ಟಿದ್ದೆ?"

ನಾನು ಒಂದು ನಿಮಿಷ ಎಂದೆ. ಅವರು ಕಿವಿಯ ಹಿಂದಿನ ಪೆನ್ಸಿಲು ತೆಗೆದು ರಿಪೋರ್ಟಿನ ಅಂಚಿನಲ್ಲಿ ‘ಒಂದು ನಿಮಿಷ’ ಎಂದು ಬರೆದರು. ಬೈದಿದ್ದರೆ ಸುಳ್ಳನ್ನೇ ಗಟ್ಟಿಮಾಡಿಕೊಳ್ಳುತ್ತಿದ್ದೆನೇನೋ. ನನ್ನ ಸುಳ್ಳನ್ನು ಅವರ ಅಕ್ಷರದಲ್ಲಿ ನೋಡಲಾಗಲಿಲ್ಲ. ಎಲ್ಲ ಹೇಳಿದೆ. ಬೆಲ್ಟು ಬಿಗಿದು, ಮುಷ್ಟಿ ಹಿಡಿಸಿ ಅಷ್ಟು ಹೊತ್ತು ಬಿಟ್ಟರೆ ರಕ್ತದಲ್ಲಿನ ಕ್ಯಾಲ್ಸಿಯಂ ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ. ಓದುವಾಗ ಪರೀಕ್ಷೆಯಲ್ಲಿ ಇದನ್ನೇ ಬರೆದು ನಂಬರು ತೆಗೆದುಕೊಂಡವಳು ನಾನು. ನನ್ನ ಕೈತಪ್ಪಿನಿಂದ ಒಬ್ಬಳ ಕತ್ತು ಕೊಯ್ಯುವ ತನಕ ಬಂದಿತ್ತು.

ಸಾರ್ ತಾವೇ ಹೋಗಿ ಅವಳ ರಕ್ತ ಇನ್ನೊಮ್ಮೆ ತೆಗೆದರು. ಬೆಲ್ಟು ಕಟ್ಟಿದ್ದೂ ಬಿಚ್ಚಿದ್ದೂ ಗೊತ್ತಾಗದ ಹಾಗೆ. ಡಿ ಪರೀಕ್ಷೆಗೆ ಯಾರ ಒಪ್ಪಿಗೆಯನ್ನೂ ಕೇಳದೆ ಕಿಟ್ಟು ತೆರೆದರು. ಕ್ಯಾಲ್ಸಿಯಂ ಗೆರೆಯ ಒಳಗೇ ಬಂತು. ಡಿ ಅಂತೂ ಇದೆಯೆಂದು ಹೇಳಲು ನಾಚಿಕೆಯಾಗುವಷ್ಟು. ಬಿಸಿಲಿನ ಜಿಲ್ಲೆಯಲ್ಲಿ ಹುಟ್ಟಿ ಬೆಳೆದು, ದಿನವಿಡೀ ಮನೆಯಾಚೆ ದುಡಿದವಳ ಮೈಗೆ ಬಿಸಿಲೇ ತಾಗಿರಲಿಲ್ಲ. ಗ್ರಂಥಿ ಪಾಪ ಕಣಜಕ್ಕೆ ಕೈಹಾಕಿ ಮನೆ ನಡೆಸುತ್ತಿತ್ತು, ಅಷ್ಟೆ.

ಎರಡೂ ರಿಪೋರ್ಟು ಹಿಡಿದು ಸಾರ್ ಡಾಕ್ಟರ ಕೋಣೆಗೆ ಹೋದರು. ನಾನು ಹಿಂದೆ ಹೋದೆ, ಬಾಗಿಲ ಬಳಿ ನಿಂತೆ. ಡಾಕ್ಟರು ಮೊದಲೇ ಸಿಡುಕಿನಲ್ಲಿದ್ದರು. "ಮೆಷೀನ್ ನಡೆಸೋದು ನಿಮ್ಮ ಕೆಲಸ. ರೋಗ ಯಾವ್ದು ಅಂತ ನಾನು ಹೇಳ್ತೀನಿ" ಎಂದರು.

"ಖಂಡಿತಾ ನೀವೇ ಹೇಳ್ಬೇಕು ಸಾರ್. ನನ್ನ ಕೆಲಸದಲ್ಲಿ ತಪ್ಪಾಗಿತ್ತು, ಅದನ್ನ ಹೇಳೋಣ ಅಂತ ಬಂದೆ" ಎಂದರು ಇವರು. "ಮೊದಲನೇ ಸಲ ನಾನೇ ಬೆಲ್ಟು ಜಾಸ್ತಿ ಹೊತ್ತು ಕಟ್ಟಿಬಿಟ್ಟಿದ್ದೆ."

ನಾನು ಬಾಯಿ ತೆರೆಯಬೇಕಿತ್ತು, ತೆರೆಯಲಿಲ್ಲ. ಡಾಕ್ಟರು ಅವರನ್ನು ಚೆನ್ನಾಗಿ ಬೈದರು. ಇಷ್ಟು ವರ್ಷ ಸರ್ವೀಸಾಗಿ ಬೆಲ್ಟು ಕಟ್ಟೋಕೆ ಬರಲ್ವಾ ಎಂದರು. ಸಾರ್ ಕೈಕಟ್ಟಿಕೊಂಡು ಕೇಳಿಸಿಕೊಂಡರು. ಬೈದು ಮುಗಿದ ಮೇಲೆ ಡಾಕ್ಟರು ಕನ್ನಡಕ ಏರಿಸಿ ಎರಡು ಕಾಗದವನ್ನೂ ಇನ್ನೊಮ್ಮೆ ಓದಿದರು, ಬೆಂಗಳೂರಿನ ಚೀಟಿಯನ್ನು ಹರಿದರು, ವಾರಕ್ಕೊಂದು ಡಿ ಪೊಟ್ಟಣ ಬರೆದುಕೊಟ್ಟರು. ಒಳ್ಳೆಯ ಮನುಷ್ಯರೇ. ಅವರಿಗೂ ಆ ದಿನ ಸಾಕಾಗಿ ಹೋಗಿತ್ತು ಅಂತ ಕಾಣುತ್ತದೆ.

ವಾಪಸು ಬರುವಾಗ ಮೆಟ್ಟಿಲ ಮೇಲೆ ಕೇಳಿದೆ: "ಯಾಕೆ ಸಾರ್ ನಿಮ್ಮ ಮೇಲೆ ಹಾಕ್ಕೊಂಡ್ರಿ?"

"ನಿಂಗಿನ್ನೂ ಬೇಕಾದಷ್ಟು ಸರ್ವೀಸಿದೆ. ಮೊದಲ್ನೇ ವರ್ಷಾನೇ ಹೆದರಿಸಿಬಿಟ್ರೆ ಆಮೇಲೆ ತಪ್ಪು ಒಪ್ಪೋದೇ ಇಲ್ಲ ನೀನು." ನಾಲ್ಕು ಮೆಟ್ಟಿಲು ಇಳಿದ ಮೇಲೆ, "ನಾನು ಇದಕ್ಕಿಂತ ದೊಡ್ಡದನ್ನ ಮಾಡಿದೀನಿ ಕಣಮ್ಮ" ಎಂದರು.

"ಏನು ಸಾರ್?"

"ಕೆಲಸ ನೋಡು ನಡಿ."

ಮೂರು ತಿಂಗಳಿಗೆ ನಾರಾಯಣಮ್ಮ ಮತ್ತೆ ಬಂದಳು. ಕಂಬಿ ಹಿಡಿಯದೆ ಮೆಟ್ಟಿಲು ಹತ್ತಿದಳು. ಪಿಟಿಎಚ್ ಅರ್ಧಕ್ಕಿಂತ ಕೆಳಗಿಳಿದಿತ್ತು. ಸಾರ್ ಅವಳಿಗೆ ಬುದ್ಧಿ ಹೇಳಿದರು: ಮಧ್ಯಾಹ್ನ ಉಣ್ಣುವಾಗ ಶರ್ಟು ತೆಗೆದಿಟ್ಟು ಗಿಡದಿಂದಾಚೆ ಬಿಸಿಲಲ್ಲಿ ಕೂರು, ಇಪ್ಪತ್ತು ನಿಮಿಷ ಸಾಕು.

ಅವಳು ನಕ್ಕೇ ನಕ್ಕಳು. "ನೆರಳು ಬಿಟ್ಟು ಬಿಸ್ಲಾಗೆ ಕೂತು ಉಂಡ್ರೆ, ಇವಳಿಗೆ ಪಿಚ್ಚಿ ಹಿಡೀತು, ಹುಚ್ಚು ಅಂತಾರೆ ಸಾಮಿ."

"ಅನ್ಲಿ ಬಿಡಮ್ಮ. ನನ್ನನ್ನ ಇಲ್ಲಿ ಸಂಡಿಗೆ ಅಂತಾರೆ" ಎಂದು ಸಾರ್ ನನ್ನ ಕಡೆ ನೋಡಿದರು. ನೆಲ ಬಿರಿದಿದ್ದರೆ ಇಳಿದುಬಿಡುತ್ತಿದ್ದೆ.

ಅವರದು ಪೂರಾ ಹಿತವಾದ ಸ್ವಭಾವವೇನಲ್ಲ, ಹಾಗೆಂದರೆ ಸುಳ್ಳಾಗುತ್ತದೆ. ಡಬ್ಬಿಯ ಚಿತ್ರಾನ್ನವನ್ನು ಯಾರಿಗೂ ಕೊಡುತ್ತಿರಲಿಲ್ಲ. ಐಸಿನಲ್ಲಿಡದೆ ತಂದ ಟ್ಯೂಬನ್ನು ತಂದವರ ಎದುರಿಗೇ ಕಸಕ್ಕೆ ಹಾಕಿ, "ದೇವರಾಯಸಮುದ್ರದಿಂದ ಬಿಸಿನೀರು ತಂದಿದೀಯಾ?" ಎಂದು ಚುಚ್ಚುತ್ತಿದ್ದರು. ರಿಪೋರ್ಟಿನಲ್ಲಿ ಇಷ್ಟರೊಳಗಿದ್ದರೆ ನಾರ್ಮಲ್ ಎಂದು ಅಚ್ಚಾಗುವ ಅಳತೆಯ ಮೇಲೆ ಅವರಿಗೆ ಜನ್ಮದ ಸಿಟ್ಟು. "ಇಪ್ಪತ್ತರ ಹುಡುಗಿಗೂ ಎಂಬತ್ತರ ಅಜ್ಜಿಗೂ ಒಂದೇ ಗೆರೆ ಎಳ್ದಿದಾರೆ ನೋಡು" ಎಂದು ದಿನಕ್ಕೊಮ್ಮೆಯಾದರೂ ಗೊಣಗುತ್ತಿದ್ದರು. ಯಾರಾದರೂ ‘ವಯಸ್ಸಾಯ್ತಲ್ಲ’ ಎಂದು ನಕ್ಕು ಮಾತು ಮುಗಿಸಿದರೆ ಮಾತ್ರ ಎದ್ದು ಹೋಗುತ್ತಿದ್ದರು.

ಹದಿಮೂರನೆಯ ದಿನದ ಊಟಕ್ಕೆ ಮುಳಬಾಗಿಲಿಗೆ ಹೋಗಿದ್ದೆ. ಇಷ್ಟು ವರ್ಷದಲ್ಲಿ ಅವರ ಮನೆಗೆ ಮೊದಲ ಸಲ. ಹಳೆಯ ತೊಟ್ಟಿಮನೆ. ನಡುವಿನ ತೊಟ್ಟಿಯ ಮೇಲೆ ಕಬ್ಬಿಣದ ಜಾಲರಿ, ಕೋತಿಗಳು ಬರದಂತೆ. ಜಾಲರಿಯಿಂದ ಬಿಸಿಲು ನೆಲಕ್ಕೆ ಬೀಳುತ್ತಿತ್ತು. ಸುತ್ತಲೂ ಕಿತ್ತ ಮೊಳೆಗಳ ತೂತುಗಳು ಹಾಗೇ ಇದ್ದವು. ಊಟವಾದ ಮೇಲೆ ಅವರ ಹೆಂಡತಿ ನನ್ನನ್ನು ಅಲ್ಲೇ ಮಣೆಯ ಮೇಲೆ ಕೂರಿಸಿ, ಒಳಗಿನಿಂದ ಪ್ಲಾಸ್ಟಿಕ್ ಕವರಿನಲ್ಲಿಟ್ಟ ಒಂದು ಕಾಗದ ತಂದುಕೊಟ್ಟರು.

"ಲ್ಯಾಬಿನ ಹುಡುಗಿ ಬಂದ್ರೆ ಕೊಡು ಅಂತ ಹೇಳಿದ್ರು. ಅವ್ರಿಗೆ ನೀವಿನ್ನೂ ಹುಡುಗೀನೇ."

ಹಳೆಯ ರಿಪೋರ್ಟು. ಹೆಂಗಸು, ಅರವತ್ತಮೂರು ವರ್ಷ. ಪಿಟಿಎಚ್ ಜಾಸ್ತಿ. ಮೂಲೆಯಲ್ಲಿ ಗುಂಡಗಿನ ಅಕ್ಷರದಲ್ಲಿ, ಪೆನ್ಸಿಲಿನಲ್ಲಿ ಎರಡೇ ಪದ: ‘ವಯಸ್ಸಿಗೆ ಸಹಜ.’ ಡಿಯ ಸುದ್ದಿಯೇ ಇಲ್ಲ.

"ಅವ್ರ ಅಕ್ಕ" ಎಂದರು ಅವರು. "ತಾಯಿ ಹೋದ್ಮೇಲೆ ಇವ್ರನ್ನ ಸಾಕಿದ್ದು ಅವ್ರೇ. ಕೋತಿ ಕಾಟ ಅಂತ ಈ ತೊಟ್ಟಿಗೆ ಪೂರ್ತಿ ಶೀಟ್ ಹೊದಿಸಿದ್ರು ಇವ್ರು. ಅಕ್ಕ ಮನೆ ಬಿಟ್ಟು ಹೊರಗೆ ಹೋಗೋರಲ್ಲ. ಬಿಸಿಲು ಅಂತ ಬರ್ತಿದ್ದಿದ್ದು ಇಲ್ಲಿಂದ್ಲೇ. ಎರಡು ವರ್ಷ ಸೊಂಟ ನೋವು, ತೊಡೆ ನೋವು ಅಂತಿದ್ರು. ಆ ಮೆಷೀನು ಆಗಷ್ಟೇ ಬಂದಿತ್ತಂತೆ. ಇವ್ರೇ ರಕ್ತ ತಗೊಂಡ್ಹೋಗಿ ನೋಡಿ ಬಂದು, ‘ಏನಿಲ್ಲಕ್ಕಾ, ವಯಸ್ಸಾಯ್ತು ಅಷ್ಟೇ’ ಅಂದ್ರು. ತಮ್ಮ ಹೇಳಿದ್ಮೇಲೆ ಮುಗೀತಲ್ಲ. ಆಮೇಲೆ ಅವ್ರು ನೋವು ಅಂತ ಹೇಳೋದನ್ನೇ ಬಿಟ್ಬಿಟ್ರು."

ಅಡುಗೆಮನೆಯ ಹೊಸಿಲಿನ ಕಡೆ ಕೈ ತೋರಿಸಿದರು.

"ಒಂದಿನ ಹೊಸಿಲು ದಾಟೋವಾಗ ಬಿದ್ರು. ತೊಡೆ ಮೂಳೆ ಮುರೀತು. ಆಸ್ಪತ್ರೇಲಿ ನೋಡಿದ್ರೆ ಆ ಡಿ ಅನ್ನೋದು ಮೈಯಲ್ಲಿ ಇರ್ಲೇ ಇಲ್ವಂತೆ. ನಾಲ್ಕು ತಿಂಗಳು ಹಾಸಿಗೆ ಹಿಡಿದು ಹೋದ್ರು. ಶೀಟು ತೆಗೆಸಿದ್ದು ಆಮೇಲೆ."

ಬಸ್ಸಿನಲ್ಲಿ ಕೋಲಾರಕ್ಕೆ ವಾಪಸು ಬರುವಾಗ ಆ ಕವರನ್ನು ತೊಡೆಯ ಮೇಲಿಟ್ಟುಕೊಂಡಿದ್ದೆ. ಅಳು ಬರಲಿಲ್ಲ. ಬಹಳ ದಣಿವಾಯಿತು. ಇಷ್ಟು ವರ್ಷ ಅಷ್ಟು ಜನರ ರಿಪೋರ್ಟಿನ ಮೇಲೆ ಆ ಮನುಷ್ಯ ಒಂದೊಂದಾಗಿ ಬರೆದದ್ದು ತನ್ನ ಅಕ್ಕನಿಗೆ ಬರೆಯಬೇಕಾಗಿದ್ದ ಪ್ರಶ್ನೆಯನ್ನು. ನಾವು ಸಂಡಿಗೆ ಎಂದು ನಕ್ಕಿದ್ದೆವು.

ನನ್ನ ಅಮ್ಮ ನನ್ನ ಜೊತೆಗೇ ಇದ್ದಾಳೆ. ಲಕ್ಕೂರಿನವಳು, ಎಪ್ಪತ್ನಾಲ್ಕು. ಮೊಣಕಾಲು ನೋವು ಎಂದು ವರ್ಷದಿಂದ ಹೇಳುತ್ತಿದ್ದಳು. ನಾನು ಲ್ಯಾಬಿನಿಂದ ಬಂದು ಚಪ್ಪಲಿ ಬಿಡುವಾಗ, ಅವಳ ಮುಖ ಕೂಡ ನೋಡದೆ, "ವಯಸ್ಸಾಯ್ತಲ್ಲಮ್ಮಾ" ಎನ್ನುತ್ತಿದ್ದೆ. ಈಚೆಗೆ ಅವಳು ಹೇಳುವುದು ಕಡಿಮೆಯಾಗಿತ್ತು. ನೋವೇ ಕಡಿಮೆಯಾಗಿದೆ ಎಂದುಕೊಂಡು ನಾನು ಆರಾಮಾಗಿದ್ದೆ. ಬಸ್ಸಿನಲ್ಲಿ ಅದು ನೆನಪಾಗಿ, ಕವರು ತೆರೆದು ಆ ಎರಡು ಪದವನ್ನು ಇನ್ನೊಮ್ಮೆ ಓದಿದೆ.

ಮರುದಿನ ಬೆಳಗ್ಗೆ ಅವಳ ರಕ್ತ ತೆಗೆದೆ. ಬೆಲ್ಟು ಕಟ್ಟಿ, ನರ ಸಿಕ್ಕ ಕೂಡಲೇ ಬಿಚ್ಚಿ. ಐಸಿನಲ್ಲಿಟ್ಟು ಲ್ಯಾಬಿಗೆ ಒಯ್ದು ನಾನೇ ಮೆಷೀನಿಗೆ ಹಾಕಿದೆ. ಕ್ಯಾಲ್ಸಿಯಂ ಸರಿಯಾಗಿದೆ. ಕಿಡ್ನಿ ಸರಿಯಾಗಿದೆ. ಪಿಟಿಎಚ್ ಗೆರೆಯ ಮೇಲೆ ಸ್ವಲ್ಪ ಏರಿದೆ. ಡಿ ಬರುವ ತನಕ ಎದ್ದು ಓಡಾಡಿದೆ. ಡಿ ಕಡಿಮೆಯಿರಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಕಡಿಮೆಯಿದ್ದರೆ ಪೊಟ್ಟಣವಿದೆ, ವಾರಕ್ಕೊಂದು, ಮೂರು ತಿಂಗಳಿಗೆ ಅಮ್ಮ ಕಂಬಿ ಹಿಡಿಯದೆ ಮೆಟ್ಟಿಲು ಹತ್ತುತ್ತಾಳೆ.

ಡಿ ಚೆನ್ನಾಗಿತ್ತು. ಇರದೆ ಏನು, ಅವಳು ದಿನಾ ಬೀದಿ ಬಾಗಿಲಲ್ಲಿ ಬಿಸಿಲಿಗೆ ಕೂತು ಪಕ್ಕದ ಮನೆಯವಳ ಜೊತೆ ಅವರೆಕಾಯಿ ಸುಲಿಯುತ್ತಾಳೆ. ಇನ್ನೊಮ್ಮೆ ಹಾಕಿ ನೋಡಿದೆ. ಅಷ್ಟೇ ಬಂತು.

ರಿಪೋರ್ಟು ಪ್ರಿಂಟು ತೆಗೆದು, ಮೂಲೆಯಲ್ಲಿ ಪೆನ್ಸಿಲಿನಿಂದ ವಯಸ್ಸು ಬರೆದೆ, ಡಿ ಬರೆದೆ. ಆಮೇಲೆ ಸಾರ್ ಆ ಒಂದು ಸಲದ ನಂತರ ಎಂದೂ ಬರೆಯದೆ ಹೋದ ಎರಡು ಪದಗಳನ್ನು ಬರೆದೆ. ‘ವಯಸ್ಸಿಗೆ ಸಹಜ.’ ಎಲ್ಲವನ್ನೂ ನೋಡಿಯೇ ಬರೆದೆ, ತಪ್ಪಿರಲಿಲ್ಲ. ಆದರೂ ರಿಪೋರ್ಟನ್ನು ಇನ್ನೊಮ್ಮೆ ಮೊದಲಿನಿಂದ ಓದಿದೆ.

ಸಂಜೆ ಅಮ್ಮ ಕೇಳಿದಳು: "ಏನ್ ಬಂತೇ?"

"ವಯಸ್ಸಮ್ಮಾ."

"ಅಷ್ಟೇನಾ? ಅದನ್ನ ಹೇಳೋಕೆ ನನ್ನ ಕೈ ಚುಚ್ಚಬೇಕಾಗಿತ್ತೇನೇ? ಚುಚ್ಚದೇನೇ ಹೇಳ್ತಿದ್ದೆಯಲ್ಲ ದಿನಾ." ನಕ್ಕಳು. ಮತ್ತೆ ಅವರೆಕಾಯಿಯ ಮೊರ ಹತ್ತಿರ ಎಳೆದುಕೊಂಡಳು.

ನಾನು ಚಪ್ಪಲಿ ಬಿಟ್ಟು ಅವಳ ಎದುರಿಗೆ ನೆಲದ ಮೇಲೆ ಕೂತೆ. "ಎಲ್ಲಿ ನೋಯುತ್ತೆ, ಹೇಳಮ್ಮ."

"ವಯಸ್ಸೇ ಅಂದ್ಮೇಲೆ ಹೇಳಿ ಏನ್ ಮಾಡ್ಲಿ ಕಣೇ?"

"ಆದ್ರೂ ಹೇಳು."

ಅವಳು ನನ್ನ ಮುಖವನ್ನೇ ನೋಡಿದಳು, ತಮಾಷೆಯೋ ಏನೋ ಎಂದು. ಆಮೇಲೆ ಮೊರ ಪಕ್ಕಕ್ಕಿಟ್ಟು, ಸೀರೆಯನ್ನು ಮೊಣಕಾಲಿನ ತನಕ ಸರಿಸಿ, ಬೆರಳಿಟ್ಟು ತೋರಿಸತೊಡಗಿದಳು. ಎಡಗಾಲು. ಮಂಡಿಯ ಕೆಳಗೆ, ಒಳಪಕ್ಕದಲ್ಲಿ. ಹತ್ತುವಾಗಲ್ಲ, ಇಳಿಯುವಾಗ. ಚಳಿ ಇದ್ದ ದಿನ ಜಾಸ್ತಿ. ಹೇಳಲು ತುಂಬಾ ಇತ್ತು. ನಾನು ಕೇಳುತ್ತಾ ಕೂತೆ.